ಸೇತುವೆ ಮುಚ್ಚಿದ ದಿನಕ್ಕೂ ದರ ಕಟ್ಟಿರಿ

2024ರ ಆಗಸ್ಟ್ 7, ಬುಧವಾರ. ನಡುರಾತ್ರಿ ಕಳೆದು ಇನ್ನೂ ಬೆಳಕು ಹರಿದಿರಲಿಲ್ಲ. ಕಾರವಾರಕ್ಕೂ ಸದಾಶಿವಗಡಕ್ಕೂ ನಡುವೆ ಇದ್ದ ಕಾಳಿ ನದಿಯ ಹಳೇ ಸೇತುವೆ ಕುಸಿದು ನೀರಿಗೆ ಬಿತ್ತು. ಗೋವಾ ಕಡೆಯಿಂದ ಬರುತ್ತಿದ್ದ ಒಂದು ಲಾರಿ ಅದರ ಜೊತೆಗೇ ಹೋಯಿತು. ಲಾರಿಯ ಚಾಲಕನನ್ನು ಪೊಲೀಸರೂ ಮೀನುಗಾರರೂ ಸೇರಿ ಬದುಕಿಸಿದರು. ಅದೇ ಸೇತುವೆ ಬೆಳಗಿನ ಎಂಟೂವರೆಗೆ ಕುಸಿದಿದ್ದರೆ, ಕಾಲೇಜಿಗೆ ಹೊರಟ ಹುಡುಗರಿಂದ ತುಂಬಿದ ಬಸ್ಸು ಮೇಲಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೇತುವೆಗೆ ಆಗ 41 ವರ್ಷ. ನಮ್ಮ ಓದುಗರಲ್ಲಿ ಅರ್ಧ ಜನಕ್ಕೆ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ.

ಪುಣ್ಯಕ್ಕೆ, ಹೆದ್ದಾರಿ ಅಗಲ ಮಾಡುವಾಗ ಕಟ್ಟಿದ ಹೊಸ ಸೇತುವೆ ಪಕ್ಕದಲ್ಲೇ ಇತ್ತು. ಅದನ್ನು ಪರೀಕ್ಷಿಸಿ, ಹೋಗುವ ವಾಹನ ಬರುವ ವಾಹನ ಎಲ್ಲವನ್ನೂ ಅದರ ಮೇಲೇ ಬಿಟ್ಟರು. ಎರಡು ಸೇತುವೆಯ ಹೊರೆ ಒಂದರ ಹೆಗಲಿಗೆ ಬಿತ್ತು. ಕುಸಿದ ಕಾಂಕ್ರೀಟು ತಿಂಗಳುಗಟ್ಟಲೆ ನದಿಯಲ್ಲೇ ಬಿದ್ದುಕೊಂಡು ದೋಣಿಯವರಿಗೆ ಅಡ್ಡವಾಯಿತು. ಅದಕ್ಕೂ ಮೂರು ವಾರ ಮೊದಲು, ಜುಲೈ 16ರಂದು, ಇದೇ ಹೆದ್ದಾರಿಯ ಮೇಲೆ ಶಿರೂರಿನಲ್ಲಿ ಗುಡ್ಡ ಕುಸಿದಿತ್ತು. ಹೆದ್ದಾರಿ ಮುಚ್ಚುವುದೆಂದರೆ ಏನು ಎಂಬುದನ್ನು ಆ ಮಳೆಗಾಲದಲ್ಲಿ ಕರಾವಳಿಯ ಅಂಗಡಿಕಾರರೂ ಬಸ್ಸಿನವರೂ ಸರಿಯಾಗಿಯೇ ಕಲಿತರು.

ಈಗ ಅದೇ ತಿಂಗಳ ಇನ್ನೆರಡು ಸಂಗತಿ ನೆನಪಿಗೆ ತಂದುಕೊಳ್ಳಿ.

ಒಂದು ವಯನಾಡಿನದು. ಜುಲೈ 30ರಂದು ಅಲ್ಲಿ ಗುಡ್ಡ ಜಾರಿ ಊರುಗಳೇ ಕೊಚ್ಚಿಹೋದಾಗ ಚೂರಲ್‌ಮಲದ ಸೇತುವೆಯೂ ಹೋಯಿತು. ನಮ್ಮ ಬೆಂಗಳೂರಿನಲ್ಲೇ ಕೇಂದ್ರವಿರುವ ಸೈನ್ಯದ ಮದ್ರಾಸ್ ಇಂಜಿನಿಯರ್ ಗ್ರೂಪಿನವರು ಕಬ್ಬಿಣದ ಚೌಕಟ್ಟುಗಳನ್ನು ಲಾರಿಯಲ್ಲಿ ತಂದು, ಗೂಟ ಹೊಡೆದು ಜೋಡಿಸಿ, 190 ಅಡಿ ಉದ್ದದ ಬೈಲಿ ಸೇತುವೆಯನ್ನು ಎರಡು ದಿನ ತುಂಬುವುದರೊಳಗೆ ಎತ್ತಿ ನಿಲ್ಲಿಸಿದರು. ಆಗಸ್ಟ್ 1ರ ಸಂಜೆಗೆ ಅದರ ಮೇಲೆ ವಾಹನ ಹೋಯಿತು.

ಇನ್ನೊಂದು ಹೊಸಪೇಟೆಯದು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಹೊರಟುಹೋಯಿತು. ರೈತರ ನೀರೆಲ್ಲ ಹರಿದುಹೋಗುತ್ತಿತ್ತು. ಕನ್ನಯ್ಯ ನಾಯ್ಡು ಎಂಬ ಹಿರಿಯ ಗೇಟು ತಜ್ಞರನ್ನು ಕರೆಸಿ, ವರ್ಕ್‌ಶಾಪಿನಲ್ಲಿ ತಗಡಿನ ತುಂಡುಗಳನ್ನು ಮಾಡಿಸಿ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ ಆಗಸ್ಟ್ 17ಕ್ಕೆ ಕಿಂಡಿ ಮುಚ್ಚಿದರು. ಒಂದು ವಾರ.

ಹಾಗಾದರೆ ನಮ್ಮವರಿಗೆ ಬೇಗ ಕೆಲಸ ಮಾಡಲು ಬರುವುದಿಲ್ಲ ಎಂಬ ಮಾತು ಸುಳ್ಳು. ಮಾಡಲೇಬೇಕಾದಾಗ ಮಾಡುತ್ತಾರೆ. ಎರಡೂ ಕಡೆ ನಡೆದದ್ದು ಒಂದೇ ಬಗೆಯ ಕೆಲಸ: ಬೇಕಾದ ತುಂಡುಗಳನ್ನು ಬೇರೆ ಕಡೆ ತಯಾರು ಮಾಡಿ, ಜಾಗಕ್ಕೆ ತಂದು ಕೂರಿಸುವುದು. ಹೆದ್ದಾರಿ ಸೇತುವೆಗೂ ಈ ವಿದ್ಯೆ ಇದೆಯೇ? ಇದೆ. ಜಗತ್ತಿನಲ್ಲಿ ಇಪ್ಪತ್ತು ವರ್ಷದಿಂದ ಜೋರಾಗಿ ನಡೆದಿದೆ. ನಮ್ಮ ಕಡೆ ಯಾಕೆ ಸೇತುವೆ ಎಂದರೆ ಮೂರು ಮಳೆಗಾಲ ಎಂಬ ಲೆಕ್ಕ ಇನ್ನೂ ನಿಂತಿಲ್ಲ ಎಂಬುದೇ ನಮ್ಮ ಪ್ರಶ್ನೆ.

ವಾಟ್ಸಾಪಿನ ವಿಡಿಯೋ

ಬಸ್ಸಿನಲ್ಲಿ ಕೂತವರ ಮೊಬೈಲಿನಲ್ಲಿ ಆಗಾಗ ಒಂದು ಚೀನಾ ವಿಡಿಯೋ ಸುತ್ತುತ್ತದೆ. "ನೋಡಿ, ಅಲ್ಲಿ ಒಂದೂವರೆ ದಿನದಲ್ಲಿ ಸೇತುವೆ ಕಟ್ಟಿದರು, ನಮ್ಮಲ್ಲಿ ಹಂಪು ಹಾಕಲು ಒಂದು ತಿಂಗಳು" ಎಂದು ಕೆಳಗೆ ಒಕ್ಕಣೆ. ವಿಡಿಯೋ ಸುಳ್ಳಲ್ಲ. ಬೀಜಿಂಗಿನ ಸಾನ್‌ಯುವಾನ್ ಸೇತುವೆಯ ಮೇಲ್ಭಾಗವನ್ನು 2015ರ ನವೆಂಬರಿನಲ್ಲಿ 43 ಗಂಟೆಗಳಲ್ಲಿ ತೆಗೆದು ಹೊಸದನ್ನು ಕೂರಿಸಿದ್ದು ನಿಜ. ಆದರೆ ಮೊಬೈಲು ತೋರಿಸುವುದು ಆ 43 ಗಂಟೆಯನ್ನು ಮಾತ್ರ. ಅದರ ಹಿಂದಿನ ತಯಾರಿ ಅದರಲ್ಲಿ ಕಾಣುವುದಿಲ್ಲ. ಹೊಸ ಸೇತುವೆಯ ಚಪ್ಪಡಿಯನ್ನು ಮೊದಲೇ ತಯಾರು ಮಾಡಿ ಇಟ್ಟುಕೊಂಡಿದ್ದರು. ಕಂಬಗಳು ಹಳೇವೇ. ಅದಕ್ಕೇ ಈ ವಿಡಿಯೋ ನೋಡಿ ಇಲಾಖೆಯವರನ್ನು ಬೈದು ಸುಮ್ಮನಾದರೆ ಪ್ರಯೋಜನವಿಲ್ಲ. ಏನು ಕೇಳಬೇಕು ಎಂದು ತಿಳಿದುಕೊಂಡು ಕೇಳಬೇಕು.

ನಮ್ಮಲ್ಲಿ ರೂಢಿಯ ಕ್ರಮ ಹೇಗಿದೆ ಎಂಬುದು ಎಲ್ಲರೂ ದಿನಾ ನೋಡಿದ್ದೇ. ಮೊದಲು ಡೈವರ್ಷನ್ ಬೋರ್ಡು. ಆಮೇಲೆ ಹಳೇದನ್ನು ಒಡೆಯುತ್ತಾರೆ. ಒಡೆದ ಮೇಲೆ ಕಂಬ, ಕಂಬದ ಮೇಲೆ ಸೆಂಟ್ರಿಂಗ್, ಸೆಂಟ್ರಿಂಗಿನೊಳಗೆ ಸರಳು ಕಟ್ಟುವುದು, ಕಾಂಕ್ರೀಟು ಹಾಕುವುದು, ಕಾಂಕ್ರೀಟಿಗೆ ವಾರಗಟ್ಟಲೆ ನೀರುಣಿಸುವುದು. ಒಂದು ಮುಗಿಯದೆ ಇನ್ನೊಂದು ಶುರುವಾಗುವಂತಿಲ್ಲ. ನಡುವೆ ಜೂನ್ ಬಂತೆಂದರೆ ಎಲ್ಲ ಬಂದ್. ಇಷ್ಟೂ ದಿನ ರಸ್ತೆ ಮುಚ್ಚಿಯೇ ಇರುತ್ತದೆ. ಕೆಲಸ ನಡೆಯುವ ದಿನವೂ ಮುಚ್ಚಿದೆ, ಸಿಮೆಂಟು ಬರಲಿಲ್ಲವೆಂದು ಕೆಲಸ ನಿಂತ ದಿನವೂ ಮುಚ್ಚಿದೆ.

ಹೊಸ ಕ್ರಮದಲ್ಲಿ ಇದನ್ನು ತಲೆಕೆಳಗು ಮಾಡುತ್ತಾರೆ. ಹಳೇ ಸೇತುವೆಯ ಮೇಲೆ ವಾಹನ ಓಡಾಡುತ್ತಿರುವಾಗಲೇ ಹೊಸ ಸೇತುವೆಯ ತುಂಡುಗಳು ಬೇರೊಂದು ಅಂಗಳದಲ್ಲಿ ಅಚ್ಚಿನೊಳಗೆ ತಯಾರಾಗುತ್ತವೆ. ಗರ್ಡರು, ಅದರ ಮೇಲಿನ ಚಪ್ಪಡಿ, ಕೆಲವೊಮ್ಮೆ ಕಂಬದ ತುಂಡು, ಕಂಬದ ತಲೆ ಎಲ್ಲವೂ. ನೀರುಣಿಸುವುದು, ಗಟ್ಟಿಯಾಗುವುದು ಅಲ್ಲೇ. ಕೊನೆಯಲ್ಲಿ ಮಾತ್ರ ರಸ್ತೆ ಮುಚ್ಚಿ ಹಳೇದನ್ನು ತೆಗೆದು, ಕ್ರೇನಿನಿಂದಲೋ ನೂರಾರು ಚಕ್ರದ ಗಾಡಿಯಿಂದಲೋ ಹೊಸದನ್ನು ತಂದಿಟ್ಟು, ಸಂದುಗಳಿಗೆ ಬೇಗ ಬಿಗಿಯುವ ಕಾಂಕ್ರೀಟು ತುಂಬುತ್ತಾರೆ. ಒಟ್ಟು ಕೆಲಸ ಏನೂ ಕಡಿಮೆಯಾಗುವುದಿಲ್ಲ, ನೆನಪಿಡಿ. ಕಡಿಮೆಯಾಗುವುದು ಜನರ ದಾರಿ ಮುಚ್ಚಿದ ದಿನ.

ಬೆಂಗಳೂರಿಗೆ ಹೋಗಿಬಂದವರು ಮೆಟ್ರೊ ಕಟ್ಟುವುದನ್ನು ನೋಡಿದ್ದೀರಿ. ಮೇಲೆ ದೊಡ್ಡ ಕಬ್ಬಿಣದ ತೊಲೆಯಿಂದ ಕಾಂಕ್ರೀಟಿನ ತುಂಡುಗಳನ್ನು ಒಂದೊಂದಾಗಿ ನೇತುಹಾಕಿ ಬಿಗಿಯುತ್ತಿರುತ್ತಾರೆ, ಕೆಳಗಿನ ರಸ್ತೆಯಲ್ಲಿ ಬಿ.ಎಂ.ಟಿ.ಸಿ. ಬಸ್ಸು ಓಡುತ್ತಿರುತ್ತದೆ. ರೈಲ್ವೆಯವರಂತೂ ಕೆಲವೇ ತಾಸಿನ ಬ್ಲಾಕು ತೆಗೆದುಕೊಂಡು ಹಳೇ ಗರ್ಡರು ಇಳಿಸಿ ಹೊಸದನ್ನು ಏರಿಸುವುದನ್ನು ಬಹಳ ಕಾಲದಿಂದ ಮಾಡಿಕೊಂಡು ಬಂದಿದ್ದಾರೆ. ರೈಲು ನಿಂತರೆ ನಷ್ಟ ಎಷ್ಟೆಂದು ರೈಲ್ವೆಗೆ ಗೊತ್ತು, ಯಾಕೆಂದರೆ ಆ ನಷ್ಟ ಅದರದೇ ಗಂಟಿನಿಂದ ಹೋಗುತ್ತದೆ. ರಸ್ತೆ ನಿಂತರೆ ಹೋಗುವುದು ನಮ್ಮ ನಿಮ್ಮ ಗಂಟು. ಇಲಾಖೆಯ ಯಾವ ರಿಜಿಸ್ಟರಿನಲ್ಲೂ ಅದು ಬರೆದಿರುವುದಿಲ್ಲ.

ಹತ್ತು ವಾರಾಂತ್ಯ, ಹದಿನಾಲ್ಕು ಸೇತುವೆ

ಇದಕ್ಕೆ ತಕ್ಕ ಉದಾಹರಣೆ ಅಮೆರಿಕದ್ದು. ಅಮೆರಿಕ ಎಂದ ಕೂಡಲೇ "ಅವರದ್ದು ಬಿಡಿ ಸ್ವಾಮಿ" ಎಂದು ಪುಟ ಮಗುಚಬೇಡಿ. ಅಲ್ಲೂ ಸೇತುವೆ ಹಳತಾಗುತ್ತದೆ, ಅಲ್ಲೂ ಸರ್ಕಾರ ದುರಸ್ತಿ ಮುಂದೂಡುತ್ತದೆ.

ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಾಸ್ಟನ್ನಿನ ಹತ್ತಿರ ಮೆಡ್‌ಫರ್ಡ್ ಎಂಬ ಊರು. ಅದರ ಮೂಲಕ 93ನೇ ಅಂತರರಾಜ್ಯ ಹೆದ್ದಾರಿ ಹೋಗುತ್ತದೆ. ದಿನಕ್ಕೆ ಸುಮಾರು ಎರಡು ಲಕ್ಷ ವಾಹನ. ಅಲ್ಲಿಯ ಸೇತುವೆಗಳು ಐವತ್ತು ವರ್ಷಕ್ಕೂ ಹಳೆಯವು. 2010ರ ಆಗಸ್ಟಿನಲ್ಲಿ ಅವುಗಳಲ್ಲೊಂದರ ಚಪ್ಪಡಿ ಕಿತ್ತು ತೂತು ಬಿತ್ತು. ನೋಡಿದರೆ ಒಂದಲ್ಲ, ಹದಿನಾಲ್ಕು ಸೇತುವೆಯ ಮೇಲ್ಭಾಗ ಬದಲಿಸಬೇಕು. ಹಳೇ ಕ್ರಮದಲ್ಲಿ ಮಾಡಿದರೆ ಕನಿಷ್ಠ ನಾಲ್ಕು ವರ್ಷ ಎಂದು ಲೆಕ್ಕ ಹಾಕಿದರು. ನಾಲ್ಕು ವರ್ಷ ಆ ರಸ್ತೆಯಲ್ಲಿ ಒಂದೊಂದೇ ಸಾಲು ಮುಚ್ಚಿಕೊಂಡು ಕೂತರೆ ಊರೇ ಉಸಿರು ಕಟ್ಟಬೇಕು.

ಅವರು ಮಾಡಿದ್ದಿಷ್ಟು. ಉಕ್ಕಿನ ತೊಲೆಗಳ ಮೇಲೆ ಕಾಂಕ್ರೀಟು ಚಪ್ಪಡಿ ಮೊದಲೇ ಹಾಕಿದ 252 ತುಂಡುಗಳನ್ನು ಬೇರೆಡೆ ತಯಾರಿಸಿ ತಂದರು. 2011ರ ಜೂನಿನಿಂದ ಆಗಸ್ಟಿನವರೆಗೆ ಹತ್ತು ವಾರಾಂತ್ಯ ಗೊತ್ತುಮಾಡಿದರು. ಶುಕ್ರವಾರ ರಾತ್ರಿ ಹೆದ್ದಾರಿಯ ಒಂದು ಬದಿ ಪೂರಾ ಬಂದ್. ಎರಡೂ ದಿಕ್ಕಿನ ವಾಹನಗಳನ್ನು ಇನ್ನೊಂದು ಬದಿಗೆ ತಿರುಗಿಸುವುದು. ರಾತ್ರೋರಾತ್ರಿ ಹಳೇ ಚಪ್ಪಡಿ ಒಡೆದು ಹೊರಗೆ ಸಾಗಿಸುವುದು, ಶನಿವಾರ ಹೊಸ ತುಂಡುಗಳನ್ನು ಕ್ರೇನಿನಿಂದ ಇಳಿಸುವುದು, ಭಾನುವಾರ ಸಂದುಗಳಿಗೆ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುವ ಕಾಂಕ್ರೀಟು ತುಂಬುವುದು. ಸೋಮವಾರ ಬೆಳಗಿನ ಜಾವ, ಜನ ಕೆಲಸಕ್ಕೆ ಹೊರಡುವ ಮೊದಲು, ರಸ್ತೆ ತೆರೆಯಬೇಕು. ಒಂದು ವಾರ ಒಂದು ಸೇತುವೆ, ಮತ್ತೊಂದು ವಾರ ಎರಡು. ಹತ್ತು ವಾರಾಂತ್ಯಕ್ಕೆ ಹದಿನಾಲ್ಕೂ ಮುಗಿದವು. ಖರ್ಚು ಹತ್ತು ಕೋಟಿ ಡಾಲರಿಗೆ ಸ್ವಲ್ಪ ಕಡಿಮೆ.

ಇಲ್ಲಿ ಗಮನಿಸಬೇಕಾದ್ದು ಕ್ರೇನಿನ ದೊಡ್ಡಸ್ತಿಕೆಯಲ್ಲ. ಯಾವ ವಾರ ಯಾವ ಸೇತುವೆ, ಯಾವ ಗಂಟೆಯಿಂದ ಯಾವ ಗಂಟೆವರೆಗೆ ಮುಚ್ಚುವುದು ಎಂಬುದು ಊರಿಗೆಲ್ಲ ಮೊದಲೇ ಗೊತ್ತಿತ್ತು. ಹೋಟೆಲಿನವನು ಆ ಶನಿವಾರಕ್ಕೆ ಹಾಲು ಕಡಿಮೆ ತರಿಸಬಹುದು. ಮದುವೆ ಮನೆಯವರು ಇನ್ನೊಂದು ವಾರಕ್ಕೆ ಮುಹೂರ್ತ ನೋಡಬಹುದು. ನಮ್ಮಲ್ಲಿ "ಕಾಮಗಾರಿ ಪ್ರಗತಿಯಲ್ಲಿದೆ, ಸಹಕರಿಸಿ" ಎಂಬ ಬೋರ್ಡು ನೆಟ್ಟು ಹೋಗುತ್ತಾರೆ. ಎಷ್ಟು ದಿನ ಸಹಕರಿಸಬೇಕು ಎಂದು ಆ ಬೋರ್ಡಿನಲ್ಲಿ ಬರೆದಿದ್ದನ್ನು ನೀವು ಯಾರಾದರೂ ನೋಡಿದ್ದರೆ ನಮ್ಮ ಕಚೇರಿಗೆ ಒಂದು ಕಾರ್ಡು ಹಾಕಿ.

ಆದರೆ ಮೆಡ್‌ಫರ್ಡಿನಲ್ಲಿ ಬದಲಾದದ್ದು ಮೇಲ್ಭಾಗ ಮಾತ್ರ, ಕಂಬಗಳು ಹಳೇವೇ. ಕಾಳಿಯಂಥ ಅಳಿವೆಯಲ್ಲಿ, ಉಬ್ಬರ ಇಳಿತದ ನೀರಿನೊಳಗೆ, ಹೊಸ ಬುನಾದಿ ತೋಡಬೇಕಾದರೆ ವಾರಾಂತ್ಯದ ಮಾತು ನಡೆಯುವುದಿಲ್ಲ. ಬುನಾದಿ ತನ್ನ ಕಾಲ ತೆಗೆದುಕೊಂಡೇ ತೀರುತ್ತದೆ. ನದಿ ಸೇತುವೆಗೆ ಬೇರೆ ಉಪಾಯ ಬೇಕು, ಅದೂ ಇದೆ.

ಒಹಾಯೊ ನದಿಯ ಒಂದು ದಡದಲ್ಲಿ ಮ್ಯಾಡಿಸನ್, ಇನ್ನೊಂದು ದಡದಲ್ಲಿ ಮಿಲ್ಟನ್ ಎಂಬ ಎರಡು ಸಣ್ಣ ಊರು. ಕೋಡಿಬಾಗ-ಸದಾಶಿವಗಡ ಇದ್ದ ಹಾಗೆ. ಆಚೆಯವರಿಗೆ ಈಚೆ ಕೆಲಸ, ಈಚೆಯವರಿಗೆ ಆಚೆ ನೆಂಟರು. ನಡುವೆ 1929ರ ಸೇತುವೆ. ಅದನ್ನು ಬದಲಿಸಲು ಒಂದು ವರ್ಷವಾದರೂ ಮುಚ್ಚಬೇಕಾದೀತು ಎಂದು ಮೊದಲು ಎಣಿಸಿದ್ದರು. ಒಂದು ವರ್ಷ ಸೇತುವೆ ಇಲ್ಲದಿದ್ದರೆ ದಡದ ಅಂಗಡಿಗಳ ಗತಿ ಏನು? ಕೊನೆಗೆ ಮಾಡಿದ್ದು ಹೀಗೆ: ಹೊಸ ಉಕ್ಕಿನ ಸೇತುವೆಯನ್ನು ಹಳೇದರ ಪಕ್ಕದಲ್ಲೇ ತಾತ್ಕಾಲಿಕ ಕಂಬಗಳ ಮೇಲೆ ಕಟ್ಟಿ, ವಾಹನಗಳನ್ನು ಅದರ ಮೇಲೆ ಬಿಟ್ಟರು. ಆಮೇಲೆ ಹಳೇದನ್ನು ಬೀಳಿಸಿ, ಅದರ ಕಂಬಗಳನ್ನೇ ಬಲಪಡಿಸಿ, 2014ರ ಏಪ್ರಿಲಿನಲ್ಲಿ ಸುಮಾರು 740 ಮೀಟರು ಉದ್ದದ, ಹದಿಮೂರು ಸಾವಿರ ಟನ್ನಿಗೂ ಮೇಲೆ ತೂಗುವ ಇಡೀ ಸೇತುವೆಯನ್ನು ನುಣುಪಾದ ಉಕ್ಕಿನ ತಗಡಿನ ಮೇಲೆ ಜಾಕಿಗಳಿಂದ ಎಳೆದು 55 ಅಡಿ ಪಕ್ಕಕ್ಕೆ ಸರಿಸಿ ಕೂರಿಸಿದರು. ನಮ್ಮ ತೇರು ಎಳೆಯುವವರು ನೋಡಬೇಕಿತ್ತು. ವರ್ಷದ ಮುಚ್ಚುಗಡೆ ಕೆಲವೇ ದಿನಕ್ಕೆ ಇಳಿಯಿತು.

ಯಾವ ದಿನದಿಂದ ಎಣಿಕೆ?

ದೂರದ ಮಾತು ಬೇಡ ಎನ್ನುವವರಿಗೆ ನಮ್ಮದೇ 66ನೇ ಹೆದ್ದಾರಿಯಲ್ಲಿ, ಮಹಾರಾಷ್ಟ್ರದ ಮಹಾಡ ಹತ್ತಿರ, ಸಾವಿತ್ರಿ ನದಿ ಇದೆ. ಬ್ರಿಟಿಷರ ಕಾಲದ ಕಲ್ಲುಕಮಾನಿನ ಸೇತುವೆ 2016ರ ಆಗಸ್ಟ್ 2ರ ರಾತ್ರಿ ಪ್ರವಾಹಕ್ಕೆ ಕುಸಿಯಿತು. ಎರಡು ಎಸ್.ಟಿ. ಬಸ್ಸುಗಳು ಪ್ರಯಾಣಿಕರ ಸಮೇತ ನೀರುಪಾಲಾದವು. ಕತ್ತಲಲ್ಲಿ ಮುಂದೆ ಸೇತುವೆ ಇಲ್ಲವೆಂದು ಚಾಲಕರಿಗೆ ಹೇಗೆ ಗೊತ್ತಾಗಬೇಕು? ಅಲ್ಲೂ ಪಕ್ಕದಲ್ಲಿ ಇನ್ನೊಂದು ಸೇತುವೆ ಇತ್ತು, ಕಾಳಿಯ ಹಾಗೇ. ಹೊಸ ಸೇತುವೆಗೆ ಕೇಂದ್ರ ಸರ್ಕಾರ 180 ದಿನದ ಗಡುವು ಹಾಕಿತು. 165 ದಿನಕ್ಕೆ ಮುಗಿಯಿತು. 2017ರ ಜೂನ್ 5ರಂದು, ಮಳೆ ಹಿಡಿಯುವ ಹೊತ್ತಿಗೆ, ಉದ್ಘಾಟನೆ ಆಯಿತು. ಮನಸ್ಸು ಮಾಡಿದರೆ ಕೊಂಕಣದ ನದಿಯ ಮೇಲೂ ಆರು ತಿಂಗಳೊಳಗೆ ಸೇತುವೆ ಏಳುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಹಾಗಿದ್ದರೂ ಒಂದು ಕೊಂಕು ಇದೆ. ಕುಸಿದದ್ದು ಆಗಸ್ಟಿನಲ್ಲಿ, ತೆರೆದದ್ದು ಮರು ಜೂನಿನಲ್ಲಿ. ಕ್ಯಾಲೆಂಡರಿನಲ್ಲಿ ಎಣಿಸಿದರೆ ಹತ್ತು ತಿಂಗಳು. 165 ದಿನ ಎಂಬುದು ಕೆಲಸ ಶುರುವಾದ ದಿನದಿಂದ ಹಾಕಿದ ಲೆಕ್ಕ. ಇಲಾಖೆ ಕಾಗದಕ್ಕೆ ಸಹಿ ಬಿದ್ದ ದಿನದಿಂದ ಎಣಿಸುತ್ತದೆ. ಬಸ್ಸಿಗೆ ಕಾಯುವವನು ಸೇತುವೆ ಹೋದ ದಿನದಿಂದ ಎಣಿಸುತ್ತಾನೆ. ಈ ಎರಡು ಲೆಕ್ಕದ ನಡುವೆ ಅಂದಾಜುಪಟ್ಟಿ, ಮಂಜೂರಾತಿ, ಟೆಂಡರು, ಮರುಟೆಂಡರು ಎಂದು ಕಡತ ಓಡಾಡುತ್ತದೆ. ಯಾವ ಕ್ರೇನಿನಿಂದಲೂ ಆ ಕಡತವನ್ನು ಎತ್ತಲಾಗುವುದಿಲ್ಲ. ಸೇತುವೆ ಬಿದ್ದ ಮೇಲೆ ನಕ್ಷೆ ತೆಗೆಯಲು ಕೂರುವುದು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ವಯಸ್ಸಾದ ಸೇತುವೆ ಯಾವುದು ಎಂಬುದು ಗೊತ್ತಿರುವಾಗ, ಅದು ನಿಂತಿರುವಾಗಲೇ ಬದಲಿಯ ನಕ್ಷೆ ತಯಾರಿಟ್ಟುಕೊಳ್ಳಲು ಅಡ್ಡಿ ಏನು?

ಇನ್ನು ದುಡ್ಡಿನ ಮಾತು. ಬೇಗ ಮಾಡುವ ಕೆಲಸ ದುಬಾರಿ ಎಂದು ಇಲಾಖೆಯವರು ಹೇಳುತ್ತಾರೆ. ಅದು ಸುಳ್ಳಲ್ಲ. ದೊಡ್ಡ ಕ್ರೇನು, ಅಚ್ಚಿನ ಅಂಗಳ, ರಾತ್ರಿಪಾಳಿ, ಬೇಗ ಬಿಗಿಯುವ ಕಾಂಕ್ರೀಟು ಎಲ್ಲಕ್ಕೂ ಹೆಚ್ಚು ಖರ್ಚು. ಆದರೆ ದುಬಾರಿ ಯಾರಿಗೆ? ಒಂದು ಸೇತುವೆ ಮುಚ್ಚಿದ್ದರಿಂದ ದಿನಕ್ಕೆ ಐದು ಸಾವಿರ ವಾಹನ ಸುತ್ತುದಾರಿ ಹಿಡಿಯಬೇಕು, ಒಂದೊಂದಕ್ಕೆ ಡೀಸೆಲು, ವೇಳೆ ಸೇರಿ ನೂರು ರೂಪಾಯಿ ಹೆಚ್ಚಿಗೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ಬರೀ ಉದಾಹರಣೆಗೆ ಹೇಳುತ್ತಿದ್ದೇವೆ. ದಿನಕ್ಕೆ ಐದು ಲಕ್ಷ ಆಯಿತು. ಮುನ್ನೂರು ದಿನಕ್ಕೆ ಹದಿನೈದು ಕೋಟಿ. ಇದರಲ್ಲಿ ಗಿರಾಕಿ ಬಾರದೆ ಬೇಗ ಬಾಗಿಲೆಳೆದ ಅಂಗಡಿಯ ನಷ್ಟ ಸೇರಿಲ್ಲ, ಕೊಳೆತ ಮೀನಿನ ಲೆಕ್ಕ ಸೇರಿಲ್ಲ, ಒಂದು ಬಸ್ಸಿನ ಬದಲು ಎರಡು ಬಸ್ಸು ಹತ್ತುವವರ ಚಾರ್ಜು ಸೇರಿಲ್ಲ. ಈ ಹದಿನೈದು ಕೋಟಿ ಸರ್ಕಾರದ ಅಂದಾಜುಪಟ್ಟಿಯಲ್ಲಿ ಸೊನ್ನೆ. ಅಲ್ಲಿ ಸೊನ್ನೆ ಇರುವ ತನಕ ನಿಧಾನದ ಕೆಲಸವೇ ಅಗ್ಗವಾಗಿ ಕಾಣುತ್ತದೆ.

ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ 2007ರ ಆಗಸ್ಟ್ 1ರ ಸಂಜೆ, ಜನ ಕೆಲಸದಿಂದ ಮನೆಗೆ ಹೋಗುವ ಹೊತ್ತಿಗೆ, ಮಿಸಿಸಿಪಿ ನದಿಯ ಮೇಲಿನ ಹೆದ್ದಾರಿ ಸೇತುವೆ ಕುಸಿದು 13 ಜನ ಸತ್ತರು. ಅಲ್ಲಿಯ ಸರ್ಕಾರ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಸೇತುವೆ ಇಲ್ಲದ ಒಂದೊಂದು ದಿನಕ್ಕೂ ಬೆಲೆ ಕಟ್ಟಿದ್ದು: ಜನರಿಗೆ ದಿನಕ್ಕೆ ಸುಮಾರು ನಾಲ್ಕು ಲಕ್ಷ ಡಾಲರು ನಷ್ಟ. ಆಮೇಲೆ ಕಂತ್ರಾಟುದಾರನಿಗೆ ಹೇಳಿದರು: 2008ರ ಡಿಸೆಂಬರ್ 24 ನಿನ್ನ ಗಡುವು. ಅದಕ್ಕೆ ಮೊದಲು ಮುಗಿಸಿದ ಪ್ರತಿ ದಿನಕ್ಕೆ ಎರಡು ಲಕ್ಷ ಡಾಲರು ಬಹುಮಾನ. ಸೇತುವೆ 2008ರ ಸೆಪ್ಟೆಂಬರ್ 18ರಂದು ತೆರೆಯಿತು, ಗಡುವಿಗೆ ಮೂರು ತಿಂಗಳು ಮೊದಲೇ. ಕಂತ್ರಾಟುದಾರನಿಗೆ ಸುಮಾರು 2 ಕೋಟಿ 70 ಲಕ್ಷ ಡಾಲರು ಬಹುಮಾನ ಸಿಕ್ಕಿತು. ಕೆಲವರಿಗೆ ಹೊಟ್ಟೆಯುರಿ ಆಯಿತೋ ಏನೋ. ಆದರೆ ದಿನಕ್ಕೆ ನಾಲ್ಕು ಲಕ್ಷ ಕಳೆದುಕೊಳ್ಳುತ್ತಿದ್ದ ಜನ, ಎರಡು ಲಕ್ಷ ಕೊಟ್ಟು ಆ ದಿನವನ್ನು ವಾಪಸು ಕೊಂಡರು. ವ್ಯಾಪಾರ ಬಲ್ಲ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ಹೆದ್ದಾರಿ ಕಂತ್ರಾಟುಗಳಲ್ಲೂ ಬೇಗ ಮುಗಿಸಿದರೆ ಬೋನಸು, ತಡವಾದರೆ ದಂಡ ಎಂಬ ಕಲಮು ಇರುತ್ತದೆ. ಆದರೆ ಅದು ಕಂತ್ರಾಟಿನ ಮೊತ್ತದ ಮೇಲಿನ ಶೇಕಡಾ ಲೆಕ್ಕ. ರಸ್ತೆ ಎಷ್ಟು ದಿನ ಮುಚ್ಚಿತ್ತು, ಅದರಿಂದ ಯಾರಿಗೆ ಎಷ್ಟು ನಷ್ಟವಾಯಿತು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬೇರೆ ದೇಶಗಳಲ್ಲಿ ಟೆಂಡರು ಹಾಕುವವನು ಹಣದ ಜೊತೆಗೆ ದಿನವನ್ನೂ ಬರೆದು ಕೊಡಬೇಕಾದ ಪದ್ಧತಿ ಇದೆ. ಅದು ಹೀಗೆ ನಡೆಯುತ್ತದೆ. ಒಬ್ಬ ಕಂತ್ರಾಟುದಾರ 30 ಕೋಟಿಗೆ ಮಾಡುತ್ತೇನೆ, ಆದರೆ 400 ದಿನ ರಸ್ತೆ ಮುಚ್ಚಬೇಕು ಅನ್ನುತ್ತಾನೆ. ಇನ್ನೊಬ್ಬ 34 ಕೋಟಿ, ಆದರೆ 100 ದಿನ ಸಾಕು ಅನ್ನುತ್ತಾನೆ. ಮುಚ್ಚಿದ ದಿನಕ್ಕೆ 2 ಲಕ್ಷ ಎಂದು ಮೊದಲೇ ದರ ಕಟ್ಟಿದ್ದರೆ, ಮೊದಲನೆಯವನ ಒಟ್ಟು 38 ಕೋಟಿ, ಎರಡನೆಯವನದು 36. ಕೆಲಸ ಎರಡನೆಯವನಿಗೆ ಹೋಗುತ್ತದೆ. ಆಮೇಲೆ ಅವನು ಹೇಳಿದ 100 ದಿನ ದಾಟಿದರೆ, ದಿನಕ್ಕೆ ಅದೇ 2 ಲಕ್ಷ ಅವನ ಬಿಲ್ಲಿನಲ್ಲಿ ಮುರಿದುಕೊಳ್ಳುವುದು. ಇವತ್ತಿನ ನಮ್ಮ ಪದ್ಧತಿಯಲ್ಲಾದರೆ 30 ಕೋಟಿಯವನಿಗೇ ಕೆಲಸ ಹೋಗುತ್ತಿತ್ತು. ಸರ್ಕಾರ 4 ಕೋಟಿ ಉಳಿಸಿತು ಎಂದು ಪತ್ರಿಕಾ ಹೇಳಿಕೆಯೂ ಬರುತ್ತಿತ್ತು.

ಅವಸರವೂ ಕೊಲ್ಲುತ್ತದೆ

ಬೇಗ, ಬೇಗ ಎಂದು ನಾವು ಕೂಗುವಾಗ ಮಯಾಮಿಯ ಸಂಗತಿಯನ್ನೂ ಹೇಳಲೇಬೇಕು. ಅಮೆರಿಕದ ಫ್ಲೋರಿಡಾದಲ್ಲಿ ಒಂದು ವಿಶ್ವವಿದ್ಯಾಲಯದ ಮುಂದೆ, ಎಂಟು ಸಾಲಿನ ರಸ್ತೆಗೆ ಅಡ್ಡವಾಗಿ ಕಾಲುಸೇತುವೆ ಕಟ್ಟುತ್ತಿದ್ದರು. ಇದೇ ಹೊಸ ಕ್ರಮ. 950 ಟನ್ನಿನ ಇಡೀ ಸೇತುವೆಯನ್ನು ರಸ್ತೆ ಬದಿಯಲ್ಲಿ ಕಟ್ಟಿ, 2018ರ ಮಾರ್ಚ್ 10ರಂದು ಗಾಡಿಗಳ ಮೇಲೆ ಸಾಗಿಸಿ ಕಂಬದ ಮೇಲಿಟ್ಟರು. ಊರೆಲ್ಲ ಚಪ್ಪಾಳೆ. ಐದು ದಿನಕ್ಕೆ, ಮಾರ್ಚ್ 15ರಂದು, ಅದು ಕೆಳಗಿನ ಕಾರುಗಳ ಮೇಲೆ ಕುಸಿದು ಆರು ಜನ ಸತ್ತರು.

ತನಿಖೆಯಲ್ಲಿ ಸಿಕ್ಕ ತಪ್ಪು ಸಾಗಾಣಿಕೆಯದಲ್ಲ, ನಕ್ಷೆಯ ಲೆಕ್ಕದ್ದು. ಒಂದು ಕೂಡುಜಾಗದ ಮೇಲೆ ಬೀಳುವ ಭಾರವನ್ನು ಕಡಿಮೆ ಎಣಿಸಿದ್ದರು, ಅದು ತಡೆಯುವ ಶಕ್ತಿಯನ್ನು ಹೆಚ್ಚು ಎಣಿಸಿದ್ದರು. ಇದಕ್ಕಿಂತ ಕೆಟ್ಟದ್ದು ಇನ್ನೊಂದು. ಅಲ್ಲಿ ಬಿರುಕು ಬಿಟ್ಟದ್ದು ಎಲ್ಲರಿಗೂ ಕಂಡಿತ್ತು. ಕುಸಿದ ದಿನ ಬೆಳಿಗ್ಗೆ ಇಂಜಿನಿಯರರು ಅದರ ಬಗ್ಗೆ ಸಭೆಯನ್ನೇ ನಡೆಸಿದ್ದರು. ಕೆಳಗಿನ ರಸ್ತೆಯನ್ನು ಮಾತ್ರ ಯಾರೂ ಮುಚ್ಚಿಸಲಿಲ್ಲ.

ಹಾಗಾಗಿ ದಿನ ಉಳಿಸುವುದು ರಸ್ತೆ ಮುಚ್ಚುವ ಲೆಕ್ಕದಲ್ಲಿ ಇರಬೇಕು, ನಕ್ಷೆ ತಪಾಸಣೆಯ ಲೆಕ್ಕದಲ್ಲಿ ಅಲ್ಲ. ತುಂಡು ಜೋಡಿಸಿ ಕಟ್ಟುವ ಸೇತುವೆಯ ಜೀವ ಅದರ ಸಂದುಗಳಲ್ಲಿದೆ. ಅದರಲ್ಲೂ ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿ, ಉಪ್ಪುನೀರು. ಸಂದಿನ ಕಾಂಕ್ರೀಟು ಸಡಿಲಾದರೆ ಉಪ್ಪು ಒಳಗಿಳಿದು ಸರಳು ತುಕ್ಕು ಹಿಡಿಯುತ್ತದೆ. ಮೇಲೆ ಡಾಂಬರು ಹೊಳೆಯುತ್ತಿರುತ್ತದೆ, ಒಳಗೆ ಸರಳು ತಿಂದುಹೋಗಿರುತ್ತದೆ. ಕಂತ್ರಾಟುದಾರನ ಸಂಬಂಧಿಯಲ್ಲದ ಇನ್ನೊಬ್ಬ ಇಂಜಿನಿಯರು ಆ ಸಂದುಗಳನ್ನು ನೋಡಿ ಸಹಿ ಹಾಕಬೇಕು. ಬೇಗದ ಹೆಸರಿನಲ್ಲಿ ಈ ಸಹಿಯನ್ನು ಬಿಟ್ಟರೆ ನಮ್ಮ ಬೆಂಬಲವಿಲ್ಲ.

ಎಲ್ಲ ಸೇತುವೆಗೂ ಈ ಕ್ರಮ ಹೊಂದುವುದಿಲ್ಲ. ದಿನಕ್ಕೆ ನಾಲ್ಕು ಎತ್ತಿನಗಾಡಿ, ಒಂದು ಹಾಲಿನ ಟೆಂಪೊ ಹೋಗುವ ಹಳ್ಳದ ಮೋರಿಗೆ ಕೋಟಿಯ ಕ್ರೇನು ತರಿಸಿ ಎಂದು ನಾವು ಹೇಳುವುದಿಲ್ಲ. ಘಟ್ಟದ ತಿರುವುಗಳಲ್ಲಿ ಉದ್ದನೆಯ ಗರ್ಡರು ಹತ್ತುವುದೂ ಇಲ್ಲ. ಅಲ್ಲಿ ತುಂಡು ಸಣ್ಣದು ಮಾಡಬೇಕು, ಇಲ್ಲವೇ ಹತ್ತಿರದಲ್ಲೇ ಅಂಗಳ ಮಾಡಬೇಕು. ಸುತ್ತುದಾರಿ ಇಲ್ಲದ, ಪೇಟೆಗೆ ಪೇಟೆಯನ್ನೇ ಕತ್ತರಿಸಿಹಾಕುವ ಹೆದ್ದಾರಿ ಸೇತುವೆಗಳ ಮಾತು ನಾವಾಡುತ್ತಿರುವುದು.

ಹೆದ್ದಾರಿ ಪ್ರಾಧಿಕಾರದವರಿಗೂ ಲೋಕೋಪಯೋಗಿ ಇಲಾಖೆಯವರಿಗೂ ಈ ಅಂಕಣದ ಅರ್ಜಿ ಉದ್ದವಿಲ್ಲ. ಜಿಲ್ಲೆಯಲ್ಲಿ ಇನ್ನು ಮುಂದೆ ಯಾವುದೇ ಹೆದ್ದಾರಿ ಸೇತುವೆಯ ಬದಲಿ ಕೆಲಸಕ್ಕೆ ಟೆಂಡರು ಕರೆಯುವಾಗ, ಮೊತ್ತದ ಕಾಲಮಿನ ಪಕ್ಕದಲ್ಲಿ ಇನ್ನೊಂದು ಕಾಲಮು ಹಾಕಿ: ರಸ್ತೆ ಮುಚ್ಚುವ ದಿನ. ಆ ದಿನಕ್ಕೆ ದರ ಕಟ್ಟಿ, ಕಟ್ಟಿದ ದರವನ್ನು ಪತ್ರಿಕೆಯಲ್ಲಿ ಪ್ರಕಟಿಸಿ. ದರ ಹೇಗೆ ಕಟ್ಟಿದಿರಿ ಎಂದು ವರ್ತಕರ ಸಂಘದವರನ್ನೂ ಬಸ್ ಡಿಪೋದವರನ್ನೂ ಮೀನುಗಾರರನ್ನೂ ಕೂರಿಸಿಕೊಂಡು ಒಮ್ಮೆ ಮಾತಾಡಿ. ಅವರ ಹತ್ತಿರ ಲೆಕ್ಕ ಇದೆ, ಯಾರೂ ಕೇಳಿಲ್ಲ ಅಷ್ಟೇ. ಡೈವರ್ಷನ್ ಬೋರ್ಡಿನ ಮೇಲೆ ಮುಚ್ಚುವ ತಾರೀಕು, ತೆರೆಯುವ ತಾರೀಕು, ತಡವಾದರೆ ಕಂತ್ರಾಟುದಾರನಿಗೆ ದಿನಕ್ಕೆ ಬೀಳುವ ದಂಡ, ಮೂರನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿ.

ವರ್ತಕರ ಸಂಘದವರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. 2024ರ ಜುಲೈ, ಆಗಸ್ಟ್ ತಿಂಗಳ ವ್ಯಾಪಾರದ ಪುಸ್ತಕ ತೆಗೆದು, ಅದರ ಹಿಂದಿನ ವರ್ಷದ ಅದೇ ಎರಡು ತಿಂಗಳ ಪಕ್ಕದಲ್ಲಿಟ್ಟು ವ್ಯತ್ಯಾಸವನ್ನು ಒಂದು ಹಾಳೆಯಲ್ಲಿ ಬರೆದಿಡಲಿ. ದರ ಕಟ್ಟುವ ದಿನ ಮೇಜಿನ ಮೇಲೆ ಇಡಲು ಆ ಹಾಳೆ ಬೇಕಾಗುತ್ತದೆ.